ಎರಡು ಗಂಟೆ, ಮೂರು ಪೇಯ: ಒಂದು ಕೆಫೀನ್ ಸಾವಿನ ಲೆಕ್ಕ

2017ರ ಏಪ್ರಿಲ್ 26, ಬುಧವಾರ. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಒಂದು ಹೈಸ್ಕೂಲು. ಮಧ್ಯಾಹ್ನ ಸುಮಾರು ಎರಡೂವರೆಗೆ 16 ವರ್ಷದ ಹುಡುಗನೊಬ್ಬ ತರಗತಿಯಲ್ಲೇ ಕುಸಿದು ಬಿದ್ದ. ಆಸ್ಪತ್ರೆಗೆ ಒಯ್ದರು. 3.40ಕ್ಕೆ ಅವನು ತೀರಿಕೊಂಡನೆಂದು ವೈದ್ಯರು ಘೋಷಿಸಿದರು.

ಅವನಿಗೆ ಹೃದಯದ ಕಾಯಿಲೆ ಇದೆಯೆಂದು ಯಾರೂ ಯಾವತ್ತೂ ಹೇಳಿರಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲೂ ಅಂಥ ದೋಷ ಕಾಣಲಿಲ್ಲ. ಮದ್ಯ, ಮಾದಕ ವಸ್ತು ಯಾವುದರ ಸುಳಿವೂ ಇರಲಿಲ್ಲ. ಮೇ 15ರಂದು ರಿಚ್‌ಲ್ಯಾಂಡ್ ಕೌಂಟಿಯ ಕರೋನರ್ ಗ್ಯಾರಿ ವಾಟ್ಸ್ ಪತ್ರಿಕಾಗೋಷ್ಠಿ ಕರೆದು ಸಾವಿನ ಕಾರಣ ತಿಳಿಸಿದರು: ಕೆಫೀನ್‌ನಿಂದ ಹೃದಯ ಬಡಿತದ ಲಯ ತಪ್ಪಿ ಸಂಭವಿಸಿರಬಹುದಾದ ಸಾವು. ಕರೋನರ್ ಅಂದರೆ ಅಲ್ಲಿ ಅಸಹಜ ಸಾವುಗಳ ಕಾರಣ ನಿರ್ಧರಿಸುವ ಅಧಿಕಾರಿ. ಇಂಥ ಅಧಿಕಾರಿಯೊಬ್ಬರು ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ಪೇಯಗಳನ್ನು ಹೆಸರಿಸಿ ಸಾವಿಗೆ ಕಾರಣ ಹೇಳುವುದು ಅಪರೂಪ. ಹಾಗಾಗಿಯೇ ಈ ಪ್ರಕರಣ ಜಗತ್ತಿನಾದ್ಯಂತ ಸುದ್ದಿಯಾಯಿತು. ಸುದ್ದಿಯಾದ ಬಗೆಯಲ್ಲೇ ಅರ್ಧ ತಪ್ಪೂ ಆಯಿತು. "ಎನರ್ಜಿ ಡ್ರಿಂಕ್ ಕುಡಿದು ಹುಡುಗ ಸತ್ತ" ಎಂಬ ಒಂದೇ ಸಾಲು ಎಲ್ಲ ಕಡೆ ಓಡಾಡಿತು. ಅವನು ಕುಡಿದದ್ದು ಅದೊಂದನ್ನೇ ಅಲ್ಲ, ಮೂರನ್ನು. ಪ್ರಕರಣದ ತಿರುಳು ಇರುವುದೇ ಆ ಮೂರರಲ್ಲಿ.

ಮೂರನ್ನೂ ಕೂಡಿಸಿ ನೋಡಿದರೆ

ಹುಡುಗ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಮೆಕ್‌ಡೊನಾಲ್ಡ್ಸ್‌ನಲ್ಲಿ ಒಂದು ಲಾಟೆ ಕೊಂಡ. ಆಮೇಲೆ ದೊಡ್ಡ ಗಾತ್ರದ ಒಂದು ಮೌಂಟನ್ ಡ್ಯೂ. ಕೊನೆಗೆ, ತರಗತಿಗೆ ಸ್ವಲ್ಪ ಮೊದಲು, ಒಂದು ಎನರ್ಜಿ ಡ್ರಿಂಕನ್ನು ಗಟಗಟನೆ ಕುಡಿದು ಮುಗಿಸಿದ. ಎಲ್ಲ ಸೇರಿ ಎರಡು ಗಂಟೆಯೊಳಗೆ.

ಅವನು ಕುಡಿದ ಎನರ್ಜಿ ಡ್ರಿಂಕ್ ಯಾವ ಕಂಪನಿಯದೆಂದು ಕರೋನರ್ ಹೇಳಲಿಲ್ಲ. ಆದ್ದರಿಂದ ಅಂದಿನ ವರದಿಗಳು ಕೊಟ್ಟ ಲೆಕ್ಕ ಅಂದಾಜಿನದು. ಲಾಟೆಯಲ್ಲಿ ಸುಮಾರು 142 ಮಿ.ಗ್ರಾಂ ಕೆಫೀನ್. 20 ಔನ್ಸಿನ, ಅಂದರೆ ಸುಮಾರು 590 ಮಿ.ಲೀ. ಮೌಂಟನ್ ಡ್ಯೂನಲ್ಲಿ 90. 16 ಔನ್ಸಿನ ಎನರ್ಜಿ ಡ್ರಿಂಕಿನಲ್ಲಿ ಹೆಚ್ಚೆಂದರೆ 240. ಒಟ್ಟು 470 ಮಿ.ಗ್ರಾಂ ಆಸುಪಾಸು.

ಈ ಸಂಖ್ಯೆಯನ್ನು ಎರಡು ಗೆರೆಗಳ ಪಕ್ಕ ಇಟ್ಟು ನೋಡಬೇಕು. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ 400 ಮಿ.ಗ್ರಾಂವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಇನ್ನೊಂದು ಗೆರೆಯನ್ನೂ ಎಳೆದಿದೆ: ವಯಸ್ಕರಿಗೆ ಒಂದು ಸಲಕ್ಕೆ 200 ಮಿ.ಗ್ರಾಂ, ಮಕ್ಕಳು ಮತ್ತು ಹದಿಹರೆಯದವರಿಗೆ ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ 3 ಮಿ.ಗ್ರಾಂ. ಜನ ನೆನಪಿಟ್ಟುಕೊಳ್ಳುವುದು 400 ಎಂಬ ಮೊದಲ ಸಂಖ್ಯೆಯನ್ನು. ಈ ಹುಡುಗನ ವಿಷಯದಲ್ಲಿ ಲೆಕ್ಕಕ್ಕೆ ಬರಬೇಕಾದದ್ದು ಎರಡನೆಯದು. ಅವನ ತೂಕ ಸುಮಾರು 90 ಕಿಲೊ ಎಂದು ವರದಿಯಾಗಿತ್ತು. ಆ ಪ್ರಕಾರ ಅವನ ಇಡೀ ದಿನದ ಮಿತಿ 270. ಎರಡು ಗಂಟೆಯಲ್ಲಿ ಒಳಗೆ ಹೋದದ್ದು ಅದಕ್ಕಿಂತ 200 ಹೆಚ್ಚು. ಪಿಯುಸಿ ಓದುವ 50 ಕಿಲೊ ತೂಕದ ನಮ್ಮ ಹುಡುಗನಿಗೋ ಹುಡುಗಿಗೋ ಇದೇ ಸೂತ್ರ ಹಾಕಿದರೆ ದಿನದ ಮಿತಿ 150ಕ್ಕೆ ಇಳಿಯುತ್ತದೆ.

ಮೂರೂ ಬೇರೆ ಬೇರೆ ಕಡೆ ಮಾರಾಟವಾಗುವ, ಬೇರೆ ಬೇರೆ ಜಾತಿಯ ಪೇಯಗಳು. ಒಂದು ಕಾಫಿ, ಒಂದು ಕೂಲ್ ಡ್ರಿಂಕ್ಸ್, ಒಂದು ಎನರ್ಜಿ ಡ್ರಿಂಕ್. ಮೂರರಲ್ಲೂ ಇರುವುದು ಒಂದೇ ಔಷಧ ಎಂಬುದು ಕುಡಿಯುವವರ ತಲೆಗೆ ಬರುವುದೇ ಇಲ್ಲ. "ಇವತ್ತು ಒಂದೇ ಎನರ್ಜಿ ಡ್ರಿಂಕ್ ಕುಡಿದೆ" ಅನ್ನುವ ಮಾತು ನಿಜವೇ ಇರಬಹುದು, ಲೆಕ್ಕ ಮಾತ್ರ ತಪ್ಪು.

ಗಟಗಟ ಕುಡಿದರೆ ಒಳಗೆ ಆಗುವುದೇನು

ವಾಟ್ಸ್ ಆ ದಿನ ಒತ್ತಿ ಹೇಳಿದ ಮಾತು ಇದು: ಒಟ್ಟು ಪ್ರಮಾಣ ಒಂದೇ ಅಲ್ಲ, ಅಷ್ಟು ಕಡಿಮೆ ಹೊತ್ತಿನಲ್ಲಿ ಒಳಗೆ ಹೋದ ಬಗೆ ಮತ್ತು ಕೊನೆಯದನ್ನು ಒಂದೇ ಸಮನೆ ಕುಡಿದದ್ದು ಮುಳುವಾಯಿತು. ಇದನ್ನು ವಿಷಪ್ರಮಾಣದ ಸೇವನೆ ಎಂದು ಅವರು ಕರೆಯಲಿಲ್ಲ.

ವೇಗಕ್ಕೆ ಅಷ್ಟು ಬೆಲೆ ಯಾಕೆಂದರೆ ಕೆಫೀನ್ ಒಳಹೋಗುವುದು ಬಲು ಬೇಗ, ಹೊರಹೋಗುವುದು ಬಲು ನಿಧಾನ. ಕುಡಿದ 45 ನಿಮಿಷದಲ್ಲಿ ಬಹುಪಾಲು ರಕ್ತ ಸೇರಿರುತ್ತದೆ. ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುವುದು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ. ಅದರಲ್ಲಿ ಅರ್ಧ ಕರಗಲು ಸರಾಸರಿ 5 ಗಂಟೆ ಬೇಕು, ಮನುಷ್ಯರಿಂದ ಮನುಷ್ಯರಿಗೆ ಇದು ಒಂದೂವರೆ ಗಂಟೆಯಿಂದ ಒಂಬತ್ತೂವರೆ ಗಂಟೆಯವರೆಗೂ ಬದಲಾಗುತ್ತದೆ. ಸಿಗರೇಟು ಸೇದುವವರಲ್ಲಿ ಬೇಗ ಕರಗುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸುಮಾರು ಎರಡು ಪಟ್ಟು ಹೊತ್ತು ಉಳಿಯುತ್ತದೆ. ಗರ್ಭಿಣಿಯರಲ್ಲಿ ಇನ್ನೂ ನಿಧಾನ. ಆ ಹುಡುಗನ ವಿಷಯಕ್ಕೆ ಬಂದರೆ, ಮೂರನೆಯ ಪೇಯ ಹೊಟ್ಟೆಗೆ ಬಿದ್ದಾಗ ಮೊದಲನೆಯದರ ಕೆಫೀನು ಮುಕ್ಕಾಲು ಪಾಲಾದರೂ ರಕ್ತದಲ್ಲಿ ಇದ್ದಿರಬೇಕು. ಅದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು. ಬಿಸಿ ಕಾಫಿಯನ್ನು ಯಾರೂ ಗಟಗಟ ಕುಡಿಯಲಾರರು, ಬಿಸಿಯೇ ತಡೆಯುತ್ತದೆ. ಫ್ರಿಜ್ಜಿನಿಂದ ತೆಗೆದ ಸಿಹಿಯಾದ ಡಬ್ಬಿಗೆ ಆ ತಡೆ ಇಲ್ಲ, ಎರಡು ನಿಮಿಷದಲ್ಲಿ ಖಾಲಿ.

ಮಿದುಳಿನಲ್ಲಿ ಕೆಫೀನ್ ಮಾಡುವ ಕೆಲಸವನ್ನು ಕಾಲಿಂಗ್ ಬೆಲ್‌ಗೆ ಹೋಲಿಸಬಹುದು. ನಾವು ಎಚ್ಚರವಿದ್ದಷ್ಟೂ ಹೊತ್ತು ಅಡೆನೊಸಿನ್ ಎಂಬ ವಸ್ತು ಮಿದುಳಿನಲ್ಲಿ ಸೇರುತ್ತಾ ಹೋಗುತ್ತದೆ. ಅದು ತನ್ನ ಗ್ರಾಹಕಗಳಿಗೆ ಅಂಟಿಕೊಂಡಾಗ ನಿದ್ದೆ ಎಳೆಯುತ್ತದೆ. ಕೆಫೀನ್ ಆ ಗ್ರಾಹಕಗಳ ಮೇಲೆ ತಾನೇ ಹೋಗಿ ಕೂರುತ್ತದೆ. ಬೆಲ್ಲಿನ ತಂತಿ ಕಿತ್ತಂತೆ: ಮನೆಯೊಳಗೆ ಸದ್ದಿಲ್ಲ, ಬಾಗಿಲ ಹೊರಗೆ ನೆಂಟರು ಸೇರುತ್ತಲೇ ಇರುತ್ತಾರೆ. ಕೆಫೀನ್ ಇಳಿದಾಗ ಅಷ್ಟೂ ಜನ ಒಟ್ಟಿಗೆ ಒಳನುಗ್ಗುತ್ತಾರೆ. ಡಬ್ಬಿ ಕುಡಿದು ನಾಲ್ಕೈದು ಗಂಟೆಗೆ ಕೈಕಾಲು ಸೋತು ಹೋಗುವುದು ಇದರಿಂದಲೇ. ಹಾಗೆ ಸೋತವರು ಇನ್ನೊಂದು ಡಬ್ಬಿಗೆ ಕೈ ಚಾಚುತ್ತಾರೆ. ಡಬ್ಬಿಯ ಮೇಲೆ ಬರೆದ 'ಎನರ್ಜಿ'ಯಲ್ಲಿ ಸಕ್ಕರೆ ಬಿಟ್ಟರೆ ದೇಹಕ್ಕೆ ಇಂಧನವಾಗುವಂಥದ್ದು ಏನೂ ಇಲ್ಲ. ಸಕ್ಕರೆ ರಹಿತ ಡಬ್ಬಿಯಲ್ಲಿ ಅದೂ ಇಲ್ಲ.

ಹೃದಯದ ಕಥೆ ಬೇರೆ. ಕೆಫೀನ್ ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಏರಿಸುತ್ತದೆ. ಬಡಿತದ ಬಲ, ರಕ್ತದೊತ್ತಡ ಎರಡೂ ಹೆಚ್ಚುತ್ತವೆ. ಪ್ರಮಾಣ ಹೆಚ್ಚಾದಾಗ ರಕ್ತದ ಪೊಟ್ಯಾಸಿಯಂ ಜೀವಕೋಶಗಳ ಒಳಕ್ಕೆ ಸರಿಯುತ್ತದೆ, ರಕ್ತದಲ್ಲಿ ಅದರ ಮಟ್ಟ ಕುಸಿಯುತ್ತದೆ. ಹೃದಯದ ಪ್ರತಿ ಬಡಿತದ ನಂತರ ಕೆಳಕೋಣೆಗಳು ಮುಂದಿನ ಬಡಿತಕ್ಕೆ ಸಜ್ಜಾಗಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತವೆ. ಇಸಿಜಿಯಲ್ಲಿ ಇದನ್ನು ಕ್ಯೂಟಿ ಅವಧಿ ಎಂದು ಅಳೆಯುತ್ತಾರೆ. ಈ ಅವಧಿ ಹಿಗ್ಗಿದಷ್ಟೂ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಒಂದು ಬಡಿತ ಇಡೀ ಲಯವನ್ನು ಕೆಡಿಸುವ ಅಪಾಯ ಹೆಚ್ಚು. 2019ರಲ್ಲಿ ಅಮೆರಿಕನ್ ಹೃದಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ 18ರಿಂದ 40 ವಯಸ್ಸಿನ 34 ಆರೋಗ್ಯವಂತರಿಗೆ ಒಂದು ಗಂಟೆಯಲ್ಲಿ 32 ಔನ್ಸ್ ಎನರ್ಜಿ ಡ್ರಿಂಕ್ ಕುಡಿಸಿದರು, ಅಂದರೆ ಸುಮಾರು 950 ಮಿ.ಲೀ. ಅದರಲ್ಲಿದ್ದ ಕೆಫೀನ್ 304ರಿಂದ 320 ಮಿ.ಗ್ರಾಂ. ನಾಲ್ಕು ಗಂಟೆಯ ನಂತರವೂ ಅವರ ಕ್ಯೂಟಿ ಅವಧಿ, ಕೆಫೀನ್ ಇಲ್ಲದ ಬರೀ ಹುಸಿ ಪೇಯ ಕುಡಿದಾಗ ಇದ್ದುದಕ್ಕಿಂತ 6ರಿಂದ 7.7 ಮಿಲಿಸೆಕೆಂಡು ಹೆಚ್ಚಿತ್ತು. ಗಟ್ಟಿಮುಟ್ಟಾದ ಹೃದಯಕ್ಕೆ ಇದು ಏನೂ ಅಲ್ಲ. ಆಗಲೇ ಅಂಚಿನಲ್ಲಿರುವ ಹೃದಯಕ್ಕೆ ಇಷ್ಟೇ ಸಾಕಾಗಬಹುದು.

2017ರಲ್ಲೇ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಪ್ರಯೋಗ ನಮಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಅದರಲ್ಲಿ 18 ಜನರಿಗೆ ಒಮ್ಮೆ 320 ಮಿ.ಗ್ರಾಂ ಕೆಫೀನ್ ಇರುವ ಎನರ್ಜಿ ಡ್ರಿಂಕ್, ಇನ್ನೊಮ್ಮೆ ಅಷ್ಟೇ ಕೆಫೀನ್ ಮಾತ್ರ ಬೆರೆಸಿದ ಪೇಯ ಕೊಟ್ಟಿದ್ದರು. ಎರಡು ಗಂಟೆಯ ಹೊತ್ತಿಗೆ ಎನರ್ಜಿ ಡ್ರಿಂಕಿನಲ್ಲಿ ಕ್ಯೂಟಿ ಅವಧಿ 10 ಮಿಲಿಸೆಕೆಂಡು ಹೆಚ್ಚಿತ್ತು. ಹಾಗಾದರೆ ಟಾರಿನ್, ಜಿನ್ಸೆಂಗ್, ಗ್ವಾರಾನಾ ಮುಂತಾದ ಸೇರ್ಪಡೆಗಳಿಗೂ ಪಾಲು ಇದೆ ಎಂದಾಯಿತು. "ನಾಲ್ಕು ಲೋಟ ಕಾಫಿ ಕುಡಿದಷ್ಟೇ ಬಿಡಿ" ಎಂಬ ಸಮಾಧಾನ ಆದ್ದರಿಂದಲೇ ಪೂರ್ತಿ ಸರಿಯಲ್ಲ. ಗ್ವಾರಾನಾ ಎಂಬ ಗಿಡಮೂಲಿಕೆಯ ಹೆಸರು ಕಂಡು ಮೋಸ ಹೋಗಬೇಡಿ. ಅದರ ಬೀಜದಲ್ಲಿ ಇರುವುದೂ ಕೆಫೀನೇ, ಕಾಫಿ ಬೀಜಕ್ಕಿಂತ ಹೆಚ್ಚು.

ನಿಜಕ್ಕೂ ಕೆಫೀನೇ ಕಾರಣವೇ?

ಈ ತೀರ್ಮಾನವನ್ನು ಪ್ರಶ್ನಿಸಿದವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ವಯಸ್ಕರಿಗೆ ಪ್ರಾಣಾಂತಿಕವೆನ್ನುವ ಪ್ರಮಾಣ 10 ಗ್ರಾಂ ಸುತ್ತಮುತ್ತ. ಬೇಗಬೇಗ 1,200 ಮಿ.ಗ್ರಾಂ ಸೇವಿಸಿದರೆ ಫಿಟ್ಸ್‌ನಂಥ ವಿಷಲಕ್ಷಣ ಕಾಣಿಸಬಹುದು ಎನ್ನುತ್ತದೆ ಅಮೆರಿಕದ ಔಷಧ ಆಡಳಿತ. 470 ಅದರ ಹತ್ತಿರಕ್ಕೂ ಬರುವುದಿಲ್ಲ. ಇಷ್ಟನ್ನು ಕುಡಿದು ಏನೂ ಆಗದವರು ಲಕ್ಷಗಟ್ಟಲೆ ಇದ್ದಾರೆ. ವಾಟ್ಸ್ ಇದನ್ನು ಮುಚ್ಚಿಡಲಿಲ್ಲ. ಐದು ಜನರನ್ನು ಸಾಲಾಗಿ ನಿಲ್ಲಿಸಿ ಅದನ್ನೇ ಕುಡಿಸಿದರೂ ಅವರಿಗೆ ಏನೂ ಆಗದೆ ಇರಬಹುದು ಎಂಬ ಅರ್ಥದ ಮಾತನ್ನು ಅವರೇ ಆಡಿದರು.

ಮರಣೋತ್ತರ ಪರೀಕ್ಷೆಯ ಮಿತಿಯನ್ನೂ ಇಲ್ಲಿ ಗಮನಿಸಬೇಕು. ಹೃದಯದ ಗೋಡೆ ದಪ್ಪವಾಗಿದ್ದರೆ, ರಕ್ತನಾಳ ಕಟ್ಟಿದ್ದರೆ, ಕವಾಟ ಕೆಟ್ಟಿದ್ದರೆ ಕತ್ತರಿಸಿ ನೋಡಿದಾಗ ಕಾಣುತ್ತದೆ. ಹೃದಯದ ವಿದ್ಯುತ್ ವ್ಯವಸ್ಥೆಯಲ್ಲಿ ಹುಟ್ಟಿನಿಂದ ಬಂದ ದೋಷ ಇದ್ದರೆ ಕಾಣುವುದಿಲ್ಲ, ಏಕೆಂದರೆ ಹೃದಯ ನಿಂತ ಮೇಲೆ ಅದರಲ್ಲಿ ವಿದ್ಯುತ್ತೇ ಇರುವುದಿಲ್ಲ. ದೀರ್ಘ ಕ್ಯೂಟಿ ಸಿಂಡ್ರೋಮ್ ಅಂಥ ಒಂದು ದೋಷ. ಈ ಹುಡುಗನಿಗೆ ಅದಿತ್ತು ಎಂದು ಹೇಳಲು ಯಾವ ಆಧಾರವೂ ಇಲ್ಲ. ಆದರೆ "ಹೃದಯ ಸರಿಯಾಗಿತ್ತು" ಎಂಬ ವರದಿಯನ್ನು "ಹೃದಯದ ರಚನೆ ಸರಿಯಾಗಿತ್ತು" ಎಂದೇ ಓದಿಕೊಳ್ಳಬೇಕು. 2024ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯವರು ಹಠಾತ್ ಹೃದಯಸ್ತಂಭನದಿಂದ ಬದುಕುಳಿದ 144 ಮಂದಿಯ ದಾಖಲೆ ಪರಿಶೀಲಿಸಿದಾಗ 7 ಮಂದಿ ಘಟನೆಗೆ ಸ್ವಲ್ಪ ಮುಂಚೆ ಎನರ್ಜಿ ಡ್ರಿಂಕ್ ಸೇವಿಸಿದ್ದು ತಿಳಿದುಬಂತು. ಇದರಿಂದ ಕಾರಣ ಸಾಬೀತಾಗುವುದಿಲ್ಲ. ಆದರೆ ತನ್ನ ಹೃದಯದಲ್ಲಿ ಅಂಥ ದೋಷ ಇಲ್ಲವೆಂದು ಇಸಿಜಿಯನ್ನೇ ಮಾಡಿಸದ ಹದಿನಾರರ ಮಗು ಹೇಗೆ ತಿಳಿಯಬೇಕು? ನಮ್ಮ ಮಟ್ಟಿಗೆ ಈ ಪ್ರಕರಣದಿಂದ ಹೊರಡುವ ಗಟ್ಟಿಯಾದ ವಾದ ಇದೇ.

ಮನೆಯಲ್ಲಿ 40 ವರ್ಷಕ್ಕೆ ಮುಂಚೆ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ, ಆಟವಾಡುವಾಗಲೋ ಗಾಬರಿಯಾದಾಗಲೋ ಮಗು ಎಚ್ಚರ ತಪ್ಪಿ ಬಿದ್ದ ನೆನಪಿದ್ದರೆ, ಒಂದು ಇಸಿಜಿ ಮಾಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ, ಹತ್ತು ನಿಮಿಷದ ಕೆಲಸ.

ನಿಧಾನದ ದಾರಿ

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಪ್ರಕರಣ 2021ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 21 ವರ್ಷದ ಯುವಕ, ಸುಮಾರು ಎರಡು ವರ್ಷ ದಿನಕ್ಕೆ 500 ಮಿ.ಲೀ.ಯ ನಾಲ್ಕು ಡಬ್ಬಿ. ಪ್ರತಿ ಡಬ್ಬಿಯಲ್ಲಿ 160 ಮಿ.ಗ್ರಾಂ, ದಿನಕ್ಕೆ 640. ನಾಲ್ಕು ತಿಂಗಳಿನಿಂದ ಉಸಿರು ಕಟ್ಟುತ್ತಿತ್ತು, ತೂಕ ಇಳಿದಿತ್ತು. ಆಸ್ಪತ್ರೆಗೆ ಬಂದಾಗ ಹೃದಯದ ಎರಡೂ ಬದಿ ಸೋತಿದ್ದವು. ಮೂತ್ರಪಿಂಡವೂ ಕೆಟ್ಟಿತ್ತು, ಆದರೆ ಅದಕ್ಕೆ ಕಾರಣ ಯಾರಿಗೂ ಗೊತ್ತಾಗದೆ ಉಳಿದಿದ್ದ, ಮೂತ್ರ ಹರಿಯುವ ದಾರಿಯಲ್ಲಿನ ಹಳೆಯ ತಡೆಯೊಂದು. ಹೃದಯ, ಮೂತ್ರಪಿಂಡ ಎರಡರ ಕಸಿಗೂ ಯೋಚಿಸುವಷ್ಟು ಸ್ಥಿತಿ ಬಿಗಡಾಯಿಸಿತ್ತು. 58 ದಿನ ಆಸ್ಪತ್ರೆವಾಸ. ಡಬ್ಬಿ ಬಿಟ್ಟು, ಔಷಧ ತೆಗೆದುಕೊಂಡ ಮೇಲೆ ಹೃದಯ ಬಹುಮಟ್ಟಿಗೆ ಚೇತರಿಸಿತು. ಮೊದಲ ಪ್ರಕರಣದಲ್ಲಿ ವೇಗ, ಇದರಲ್ಲಿ ವರ್ಷಗಟ್ಟಲೆಯ ರೂಢಿ.

ನಮ್ಮ ಅಂಗಡಿಯ ಡಬ್ಬಿ

ಭಾರತದಲ್ಲಿ ಮಾರುವ ಡಬ್ಬಿ ಅಮೆರಿಕದ್ದಕ್ಕಿಂತ ಸೌಮ್ಯ ಎಂಬುದು ನಿಜ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಇಲ್ಲಿ ಇದರ ಅಧಿಕೃತ ಹೆಸರು ಕೆಫೀನ್‌ಯುಕ್ತ ಪೇಯ. ಲೀಟರಿಗೆ ಕನಿಷ್ಠ 145, ಗರಿಷ್ಠ 300 ಮಿ.ಗ್ರಾಂ ಕೆಫೀನ್ ಇರಬಹುದು. ಅಂದರೆ 250 ಮಿ.ಲೀ. ಡಬ್ಬಿಯಲ್ಲಿ ಹೆಚ್ಚೆಂದರೆ 75. ದಿನಕ್ಕೆ 500 ಮಿ.ಲೀ. ಮೀರಬಾರದು, ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಕೆಫೀನ್ ಆಗದವರು ಕುಡಿಯಬಾರದು ಎಂಬ ಎಚ್ಚರಿಕೆಯನ್ನು ಡಬ್ಬಿಯ ಮೇಲೆ ಮುದ್ರಿಸಲೇಬೇಕು. ಡಬ್ಬಿ ಕೈಗೆ ತೆಗೆದುಕೊಂಡು ಹಿಂಭಾಗಕ್ಕೆ ತಿರುಗಿಸಿ ನೋಡಿ. ಬಣ್ಣ ಬಣ್ಣದ ಚಿತ್ರದ ಕೆಳಗೆ, ಬಾರ್‌ಕೋಡಿನ ಆಸುಪಾಸಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅದು ಇರುತ್ತದೆ. ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಹಳ್ಳಿಯ ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಅದನ್ನು ಕೊಳ್ಳುವ ಎಂಟನೇ ಕ್ಲಾಸಿನ ಹುಡುಗ ಅದನ್ನು ಓದುತ್ತಾನೆಂದು ಯಾರು ನಂಬಬೇಕು? ಪೋಲೆಂಡ್ 2024ರ ಜನವರಿ 1ರಿಂದ 18 ವರ್ಷದೊಳಗಿನವರಿಗೆ ಇಂಥ ಪೇಯ ಮಾರುವುದನ್ನೇ ನಿಲ್ಲಿಸಿತು. ಲಿಥುವೇನಿಯಾ 2014ರಲ್ಲೇ ನಿಲ್ಲಿಸಿತ್ತು. ಎಚ್ಚರಿಕೆ ಮುದ್ರಿಸುವುದಕ್ಕೂ ಮಾರದೇ ಇರುವುದಕ್ಕೂ ಬಹಳ ಅಂತರವಿದೆ.

ಸಕ್ಕರೆಯನ್ನು ಮರೆಯುವಂತಿಲ್ಲ. 250 ಮಿ.ಲೀ. ಡಬ್ಬಿಯೊಂದರಲ್ಲಿ ಸಾಮಾನ್ಯವಾಗಿ 27 ಗ್ರಾಂ ಆಸುಪಾಸು, ಹೆಚ್ಚುಕಡಿಮೆ 7 ಚಮಚ. ಕಾಫಿಗೆ ಯಾರಾದರೂ 7 ಚಮಚ ಸಕ್ಕರೆ ಹಾಕಿ ಕೊಟ್ಟರೆ ನಾವು ಕುಡಿಯುವುದಿಲ್ಲ. ತಣ್ಣಗಿರುವುದರಿಂದ, ಹುಳಿ ಬೆರೆತಿರುವುದರಿಂದ ನಾಲಿಗೆಗೆ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಳ್ಳೆಯದೆಂದು ಸೂಚಿಸುವ ದಿನದ ಮಿತಿ 25 ಗ್ರಾಂ.

ನಮ್ಮಲ್ಲಿ ಲೆಕ್ಕ ತಪ್ಪುವ ಜಾಗ ಮನೆಯ ಫಿಲ್ಟರ್. ಎರಡು ಲೋಟಕ್ಕೆಂದು 20 ಗ್ರಾಂ ಪುಡಿ ಹಾಕಿ ಡಿಕಾಕ್ಷನ್ ಇಳಿಸಿದಿರಿ ಎನ್ನೋಣ. ಪುಡಿಯಲ್ಲಿ 30 ಭಾಗ ಚಿಕೋರಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಲೋಟಕ್ಕೆ ಉಳಿದದ್ದು 7 ಗ್ರಾಂ ಕಾಫಿ. ಅದು ಪೂರ್ತಿ ಅರೇಬಿಕಾ ಆದರೆ ಕೆಫೀನ್ ಸುಮಾರು 1.2 ಶೇಕಡ, ಅಂದರೆ 84 ಮಿ.ಗ್ರಾಂ. ಪೂರ್ತಿ ರೊಬಸ್ಟಾ ಆದರೆ 2.2 ಶೇಕಡ, 154 ಮಿ.ಗ್ರಾಂ. ಅಷ್ಟೂ ನೀರಿಗೆ ಇಳಿಯುವುದಿಲ್ಲ, ಇದು ಮೇಲಿನ ಅಂಚು. ಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಎಂದು ಕೇಳುವವರು ರೊಬಸ್ಟಾ ಎಷ್ಟು ಎಂದೂ ಕೇಳಬೇಕು. ಈಗ ಪರೀಕ್ಷೆಗೆ ಓದುವ 50 ಕಿಲೊ ತೂಕದ ವಿದ್ಯಾರ್ಥಿಯ ಸಂಜೆಯನ್ನು ಕೂಡಿಸಿ: ಅಮ್ಮ ಕೊಟ್ಟ ಒಂದು ಲೋಟ ಸ್ಟ್ರಾಂಗ್ ಕಾಫಿ 80, ಟ್ಯೂಷನ್ ಮುಗಿಸಿ ಬರುವಾಗ ಒಂದು ಡಬ್ಬಿ 75, ರಾತ್ರಿ ಹತ್ತಕ್ಕೆ ಇನ್ನೊಂದು 75. ಮೊತ್ತ 230. ಅವನ ಮಿತಿ 150.

ಹಾಗಾದರೆ ದಣಿವಿಗೆ ಏನು ಮಾಡುವುದು

ಮೊದಲು ದಣಿವು ಯಾವುದೆಂದು ಗುರುತಿಸಬೇಕು. ವಾರಗಟ್ಟಲೆ ಬಿಡದ ಆಯಾಸಕ್ಕೆ ಮಜ್ಜಿಗೆ, ನಡಿಗೆ ಸಾಲವು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಸಸ್ಯಾಹಾರಿಗಳಾದರೆ ಬಿ12 ನೋಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 57 ಶೇಕಡ ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 9 ಇರುವ ಹುಡುಗಿಗೆ ಬೇಕಾದದ್ದು ಕಬ್ಬಿಣಾಂಶ, ಕೆಫೀನ್ ಅಲ್ಲ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಅನ್ನ, ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವೂ ಸರಿಯಾಗಿ ಸೇರುವುದಿಲ್ಲ. ಒಂದು ಗಂಟೆಯಾದರೂ ಅಂತರ ಬಿಡಿ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ.

ನಿದ್ದೆಗೆಟ್ಟ ದಣಿವಿಗೆ ನಿದ್ದೆಯೇ ಮದ್ದು. ಮಲಗುವುದಕ್ಕೆ 6 ಗಂಟೆ ಮುಂಚೆ ಕುಡಿದ 400 ಮಿ.ಗ್ರಾಂ ಕೆಫೀನ್ ಕೂಡ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಕಸಿಯಿತು ಎಂದು 2013ರ ಅಧ್ಯಯನವೊಂದು ತೋರಿಸಿದೆ. ರಾತ್ರಿ 11ಕ್ಕೆ ಮಲಗುವವರು ಮಧ್ಯಾಹ್ನ 3ರ ನಂತರ ಕಾಫಿ ಮುಟ್ಟದಿರುವುದು ಒಳ್ಳೆಯದು. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಕಣ್ಣು ಎಳೆಯುವುದು ದೇಹದ ಗಡಿಯಾರದ ಸಹಜ ಇಳಿತ. ಆಗ 20 ನಿಮಿಷ ಮಲಗಿ, 25 ನಿಮಿಷಕ್ಕೆ ಅಲಾರಂ ಇಡಿ. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವೆ ಎದ್ದು ತಲೆ ಇನ್ನಷ್ಟು ಭಾರವಾಗುತ್ತದೆ, ಬಹಳ ಜನ ತಪ್ಪುವುದು ಇಲ್ಲೇ. ರಾತ್ರಿ ಗಾಡಿ ಓಡಿಸುವವರಿಗೂ ಇದೇ ಮಾತು. ಕಿಟಕಿ ತೆರೆದು ಹಾಡು ಜೋರು ಮಾಡಿದರೆ ನಿದ್ದೆ ಹೋಗುವುದಿಲ್ಲ. ಡಾಬಾ ಮುಂದೆ ಗಾಡಿ ನಿಲ್ಲಿಸಿ ಒಂದು ಲೋಟ ಚಹಾ ಕುಡಿದು ತಕ್ಷಣ 20 ನಿಮಿಷ ಕಣ್ಣು ಮುಚ್ಚಿದರೆ, ಏಳುವ ಹೊತ್ತಿಗೆ ಚಹಾದ ಕೆಫೀನ್ ಕೆಲಸ ಶುರು ಮಾಡಿರುತ್ತದೆ.

ಹೊಟ್ಟೆಯ ದಣಿವಿಗೆ ರಾಗಿ ಅಂಬಲಿಯಂಥದ್ದು ಇನ್ನೊಂದಿಲ್ಲ. ಒಬ್ಬರಿಗೆ ಎರಡು ದೊಡ್ಡ ಚಮಚ, ಸುಮಾರು 20 ಗ್ರಾಂ ರಾಗಿ ಹಿಟ್ಟು. ಅದನ್ನು 100 ಮಿ.ಲೀ. ತಣ್ಣೀರಿನಲ್ಲಿ ಮೊದಲು ಕಲಸಿಕೊಳ್ಳಿ. ನೇರವಾಗಿ ಕುದಿನೀರಿಗೆ ಸುರಿದರೆ ಹೊರಗೆ ಬೆಂದು ಒಳಗೆ ಹಸಿ ಉಳಿದ ಗಂಟುಗಳಾಗುತ್ತವೆ, ಎಷ್ಟು ತಿರುವಿದರೂ ಬಿಡಿಸಲಾಗದು. 300 ಮಿ.ಲೀ. ನೀರು ಕುದಿಯುವಾಗ ಈ ಕಲಸನ್ನು ಸುರಿದು, ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ ಕೈಬಿಡದೆ ತಿರುವಿ. ಹಸಿ ವಾಸನೆ ಹೋಗಿ ಬಣ್ಣ ಗಾಢವಾಗಿ ಹೊಳಪು ಬಂದರೆ ಬೆಂದಿದೆ. ಪೂರ್ತಿ ಆರಿದ ಮೇಲೆಯೇ 100 ಮಿ.ಲೀ. ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಬಿಸಿಯಲ್ಲಿ ಮಜ್ಜಿಗೆ ಸುರಿದರೆ ಒಡೆಯುತ್ತದೆ. ಜೊತೆಗೆ ಒಂದು ಹಿಡಿ, 30 ಗ್ರಾಂ ಹುರಿದ ಕಡಲೆಬೀಜ ತಿಂದರೆ 7 ಗ್ರಾಂ ಮೇಲ್ಪಟ್ಟು ಪ್ರೋಟೀನ್. ಸಂಜೆಯ ಹಸಿವಿಗೆ ಒಂದು ಬಾಳೆಹಣ್ಣು, ಇಲ್ಲವೇ ಹೆಸರುಬೇಳೆ ಕೋಸಂಬರಿ. ಪಾನಕದ ಬಗ್ಗೆ ಒಂದು ಮಾತು: ಬೆಲ್ಲ ಅಂದ ಮಾತ್ರಕ್ಕೆ ಅದು ಸಕ್ಕರೆಯಲ್ಲ ಎಂದಲ್ಲ. ಲೋಟಕ್ಕೆ 25 ಗ್ರಾಂ ಬೆಲ್ಲ ಕರಗಿಸಿದರೆ ಡಬ್ಬಿಯ ಸಕ್ಕರೆಯ ಹತ್ತಿರಕ್ಕೇ ಬಂತು. 10 ಗ್ರಾಂ ಸಾಕು, ಶುಂಠಿ ಏಲಕ್ಕಿ ಧಾರಾಳವಾಗಿರಲಿ.

ಬಿಸಿಲಿನಲ್ಲಿ ಬೆವರಿ ಸೋತವರಿಗೆ ನೀರು ಮತ್ತು ಉಪ್ಪು ಬೇಕು. ಔಷಧ ಅಂಗಡಿಯ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಳತೆ ಬೇಡ. ಆಟದ ಮೈದಾನದಲ್ಲಿ ಎನರ್ಜಿ ಡ್ರಿಂಕನ್ನೂ ಸ್ಪೋರ್ಟ್ಸ್ ಡ್ರಿಂಕನ್ನೂ ಒಂದೇ ಎಂದುಕೊಳ್ಳುವವರು ಬಹಳ. ಓಡಿ ಬಡಿತ ಏರಿದ ಹೃದಯಕ್ಕೆ ಕೆಫೀನ್ ಸುರಿಯುವುದು ಇಡೀ ಪಟ್ಟಿಯಲ್ಲೇ ಕೆಟ್ಟ ಆಯ್ಕೆ. ಮದ್ಯದ ಜೊತೆ ಬೆರೆಸುವುದೂ ಅಷ್ಟೇ ಕೆಟ್ಟದು: ಅಮಲು ಏರಿದ್ದು ಗೊತ್ತಾಗುವುದಿಲ್ಲ, ಏರಿರುತ್ತದೆ.

ದಿನಕ್ಕೆ ನಾಲ್ಕು ಡಬ್ಬಿ ಕುಡಿಯುವವರು ಒಂದೇ ದಿನ ಬಿಟ್ಟರೆ 12ರಿಂದ 24 ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ, ಕಿರಿಕಿರಿ, ಮಂಕು ಜೊತೆಗೆ ಬರುತ್ತವೆ. ಎರಡರಿಂದ ಒಂಬತ್ತು ದಿನ ಇರಬಹುದು. ಮೂರನೆಯ ದಿನ ಮತ್ತೆ ಡಬ್ಬಿ ಹಿಡಿಸುವುದು ಈ ತಲೆನೋವೇ. ಮೂರು ದಿನಕ್ಕೆ ಒಂದರಂತೆ ಕಡಿಮೆ ಮಾಡಿ, ಪ್ರತಿ ಸಲವೂ ದಿನದ ಕೊನೆಯ ಡಬ್ಬಿಯನ್ನು ಕೈಬಿಡಿ. ಮೊದಲು ಸಂಜೆಯದು ಹೋದರೆ ನಿದ್ದೆ ಮರಳುತ್ತದೆ, ಉಳಿದದ್ದು ಸುಲಭ. ಹತ್ತು ದಿನದಲ್ಲಿ ಸೊನ್ನೆಗೆ ಬರಬಹುದು.

ಯಾರಾದರೂ ಕುಸಿದರೆ

ಎದೆ ಡವಗುಟ್ಟುವುದು, ಕೈ ನಡುಕ, ಚಡಪಡಿಕೆ ಕಂಡರೆ ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ, ಕೂರಿಸಿ, ಒಬ್ಬರನ್ನೇ ಬಿಡಬೇಡಿ. ಎದೆನೋವು, ಬಡಿತ ತಪ್ಪಿತಪ್ಪಿ ಬರುವುದು, ಮೇಲಿಂದ ಮೇಲೆ ವಾಂತಿ, ತಲೆ ಸುತ್ತಿ ಬೀಳುವುದು, ಫಿಟ್ಸ್ ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ನಿಂಬೆ ನೀರು, ಮಜ್ಜಿಗೆ ಕುಡಿಸಿ ಇಳಿಸಲು ನೋಡಬೇಡಿ. ಆಸ್ಪತ್ರೆಯಲ್ಲಿ ಇಸಿಜಿ, ಪೊಟ್ಯಾಸಿಯಂ ನೋಡುತ್ತಾರೆ, ಅಗತ್ಯ ಬಿದ್ದರೆ ಬಡಿತ ಇಳಿಸುವ ಔಷಧ, ತೀರಾ ಹೆಚ್ಚಿದ್ದರೆ ಡಯಾಲಿಸಿಸ್.

ಮಾತಾಡಿಸಿದರೆ ಪ್ರತಿಕ್ರಿಯೆ ಇಲ್ಲ, ಉಸಿರೂ ಸರಿಯಿಲ್ಲವೆಂದರೆ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಆಂಬುಲೆನ್ಸ್ ಬರುವತನಕ ನಿಲ್ಲಿಸಬೇಡಿ, ಕೈ ಸೋತರೆ ಇನ್ನೊಬ್ಬರಿಗೆ ಬಿಟ್ಟುಕೊಡಿ. ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಪೆಟ್ಟಿಗೆ ಹತ್ತಿರದಲ್ಲಿದ್ದರೆ ತರಿಸಿ. ಅದು ತಡವಾದ ಪ್ರತಿ ನಿಮಿಷಕ್ಕೂ, ಎದೆ ಒತ್ತುವವರೂ ಇಲ್ಲದಿದ್ದರೆ, ಬದುಕುವ ಸಾಧ್ಯತೆ 7ರಿಂದ 10 ಶೇಕಡ ಕುಸಿಯುತ್ತದೆ.

ದಕ್ಷಿಣ ಕೆರೊಲಿನಾದ ಹುಡುಗನ ಸಾವಿನ ಕಾರಣ ಹೊರಬಂದದ್ದು ಶವದಿಂದಲ್ಲ. ಅವನು ಏನು, ಯಾವಾಗ ಕುಡಿದನೆಂದು ಕಂಡವರು ಹೇಳಿದ್ದರಿಂದ. ಆದ್ದರಿಂದ ಜೊತೆಯಲ್ಲಿದ್ದವರು ಖಾಲಿ ಡಬ್ಬಿ, ಬಾಟಲಿ, ಕಾಫಿ ಲೋಟ ಯಾವುದನ್ನೂ ಎಸೆಯದೆ ಒಂದು ಚೀಲಕ್ಕೆ ಹಾಕಿ, ಪ್ರತಿಯೊಂದನ್ನೂ ಎಷ್ಟು ಗಂಟೆಗೆ ಕುಡಿದದ್ದು ಎಂದು ಚೀಟಿಯಲ್ಲಿ ಬರೆದು, ಆಂಬುಲೆನ್ಸಿನವರ ಕೈಗೆ ಕೊಡಿ.